ಬೇಸಗೆ ರಜೆಯ ಇಂಗ್ಲಿಷು ಪುಸ್ತಕ

ವರ್ಷಂಪ್ರತಿ ಮಾರ್ಚಿ ತಿಂಗಳು ಮುಗಿಯುತ್ತ ಬಂದಂತೆ ನಮ್ಮ ಶಾಲೆಯ ಆಫೀಸಿನ ಬಾಗಿಲಲ್ಲಿ ಕೆಲವರು ಮಾತಾಪಿತೃಗಳು ಬಂದು ನಿಲ್ಲುವುದುಂಟು. ಫೀಸಿನ ವಿಷಯವಾಗಿಯೋ ಸರ್ಟಿಫಿಕೇಟಿನ ವಿಷಯವಾಗಿಯೋ ಬಂದಿರಬಹುದೆಂದು ನಾವು ತಲೆಯೆತ್ತಿ ನೋಡಿದರೆ ಅವರು ಕೇಳುವ ಪ್ರಶ್ನೆಯೇ ಬೇರೆ: "ಟೀಚರ್, ರಜೆಯಲ್ಲಿಯೂ ಮಕ್ಕಳು ಇಂಗ್ಲಿಷು ಪುಸ್ತಕ ಓದಲೇಬೇಕೋ?" ಎಂಟನೆಯ ಮತ್ತು ಒಂಭತ್ತನೆಯ ತರಗತಿಗಳನ್ನು ಮುಗಿಸಿ ಬೇಸಗೆಯ ರಜೆಗೆ ಹೋಗುವ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಒಂದು ಇಂಗ್ಲಿಷು ಪುಸ್ತಕವನ್ನು ಮನೆಗೆ ಕೊಂಡೊಯ್ದು ಓದತಕ್ಕದ್ದೆಂಬುದು ಈ ಶಾಲೆಯ ಬಹುಕಾಲದ ನಿಯಮ. ಈ ಪುಟಗಳನ್ನು ಓದುತ್ತಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಆ ನಿಯಮವನ್ನು ಮರೆತವರು ಇರಲಾರರು. ಅದನ್ನು ಶಪಿಸಿದವರು ಮಾತ್ರ ಬಹುಮಂದಿ ಇರಬಹುದು. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ಚರಿತ್ರೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಬೇರೆ ಬರೆಯುತ್ತಿರುವುದರಿಂದ, ಬಾಗಿಲಲ್ಲಿ ನಿಂತವರಿಗೆ ಅರ್ಧಂಬರ್ಧ ಹೇಳಿ ಕಳುಹಿಸಿದ ಉತ್ತರವನ್ನೇ ಇಲ್ಲಿ ಪೂರ್ತಿಯಾಗಿ ಹೇಳುವುದು ಲೇಸೆಂದು ನಮಗೆ ತೋರಿತು.

ಕೇಳುವವರೆಲ್ಲರ ಆಕ್ಷೇಪಣೆಯೂ ಒಂದೇ ವಿಧವಾದುದಲ್ಲ. "ಎತ್ತಿಗೂ ನೊಗ ಇಳಿಸುವ ಹೊತ್ತೆಂಬುದುಂಟು, ಮಕ್ಕಳಿಗಿಲ್ಲವೇ?" ಎಂದು ಅಂಗಡಿಯ ಯಜಮಾನರೊಬ್ಬರು ಕೇಳಿದರು. ಇನ್ನೊಬ್ಬ ತಾಯಿಯವರು ಆ ಪುಸ್ತಕ ಪರೀಕ್ಷೆಗೆ ಬರುವುದೇ ಎಂದು ವಿಚಾರಿಸಿ, ಬರುವುದಿಲ್ಲವೆಂದು ತಿಳಿದ ಮೇಲೆ, ಹಾಗಾದರೆ ಅದನ್ನು ಓದುವುದೇತಕ್ಕೆಂದು ನಿಜವಾದ ಆಶ್ಚರ್ಯದಿಂದ ನಮ್ಮ ಮುಖ ನೋಡಿದರು. ಕನ್ನಡಾಭಿಮಾನಿಗಳಾದ ಮಹನೀಯರೊಬ್ಬರು ಇಂಗ್ಲಿಷಿನ ಬದಲು ಕನ್ನಡವನ್ನೇ ಓದಿಸಬಾರದೇ ಎಂದರು. ಇವೆಲ್ಲವೂ ಬಾಯಿಂದ ಬರುವ ಆಕ್ಷೇಪಣೆಗಳು. ಬಾಯಿಂದ ಬಾರದ ಇನ್ನೊಂದುಂಟು. ಅದೇ ಎಲ್ಲಕ್ಕಿಂತಲೂ ಭಾರವಾದದ್ದು. ಅದನ್ನು ಮುಂದೆ ಹೇಳುವೆವು.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಬಹುಕಾಲದ ವರೆಗೆ ನಮ್ಮಲ್ಲಿ ಇದ್ದ ಪದ್ಧತಿ ಏನೆಂದರೆ, ತರಗತಿಯವರೆಲ್ಲರೂ ನಾವು ಗೊತ್ತುಪಡಿಸಿದ ಒಂದೇ ಪುಸ್ತಕವನ್ನು ಓದಿ, ಐದು ಪುಟಗಳ ಸಾರಾಂಶವನ್ನು ಬರೆದು, ಶಾಲೆ ತೆರೆದ ದಿನ ಮೇಜಿನ ಮೇಲೆ ತಂದಿಡಬೇಕು. ಆ ಪುಸ್ತಕವು ಹೆಚ್ಚಾಗಿ ಲ್ಯಾಂಬ್ ಸಹೋದರ ಸಹೋದರಿಯರು ಬರೆದ ಶೇಕ್ಸ್‌ಪಿಯರನ ಕಥೆಗಳಾಗಿರುತ್ತಿತ್ತು. ಯಾಕೆ ಅದೇ ಎಂದು ಕೇಳಿದರೆ, ನಮಗೆ ನಮ್ಮ ಉಪಾಧ್ಯಾಯಿನಿಯರು ಅದನ್ನೇ ಕೊಟ್ಟಿದ್ದರು, ಅವರಿಗೆ ಅವರ ಉಪಾಧ್ಯಾಯಿನಿಯರು ಕೊಟ್ಟಿದ್ದರು ಎಂಬುದಕ್ಕಿಂತ ಬೇರೆ ಉತ್ತರವಿರಲಿಲ್ಲ. ಒಂದು ವರ್ಷ ಆ ಸಾರಾಂಶಗಳನ್ನು ತಿದ್ದುತ್ತಿರುವಾಗ, ವೆನಿಸಿನ ವರ್ತಕನ ಕಥೆಯಲ್ಲಿ ನೆರಿಸ್ಸಳೆಂಬವಳು ಪೋರ್ಷಿಯಳ ತಂಗಿ ಎಂದು ಒಬ್ಬಳು ಬರೆದಿದ್ದುದು ಕಣ್ಣಿಗೆ ಬಿತ್ತು. ನೆರಿಸ್ಸಳು ತಂಗಿಯಲ್ಲ, ದಾಸಿ. ಕೆಂಪು ಶಾಯಿಯಲ್ಲಿ ತಿದ್ದಿ ಮುಂದಿನ ಪುಸ್ತಕವನ್ನು ತೆರೆದರೆ ಅಲ್ಲಿಯೂ ತಂಗಿಯೇ. ಅದರ ಮುಂದಿನದರಲ್ಲಿಯೂ ತಂಗಿಯೇ. ಅನುಮಾನ ಬಂದು ಹಿಂದಿನ ವರ್ಷದ ಕಟ್ಟನ್ನು ಕಪಾಟಿನಿಂದ ಇಳಿಸಿ ನೋಡಿದಾಗ ಆ ತಂಗಿಯು ಅಲ್ಲಿಯೂ ಕ್ಷೇಮವಾಗಿದ್ದಳು. ಯಾರೋ ಒಬ್ಬ ಹುಡುಗಿ ಯಾವ ಕಾಲದಲ್ಲಿಯೋ ಪುಸ್ತಕವನ್ನು ಓದಿ, ಒಂದು ಮಾತನ್ನು ತಪ್ಪಾಗಿ ತಿಳಿದುಕೊಂಡು ಬರೆದಿದ್ದಳು. ಆಕೆಯ ಬಳಿಕ ಬಂದವರು ಪುಸ್ತಕವನ್ನು ತೆರೆಯದೆಯೇ ಆಕೆಯ ಸಾರಾಂಶವನ್ನು ಅಕ್ಕನಿಂದ ತಂಗಿಗೆ, ತಂಗಿಯಿಂದ ನೆರೆಮನೆಯವಳಿಗೆ ದಾಟಿಸುತ್ತ ಬಂದಿದ್ದರು. ನಾವು ಕೋಪಿಸಿಕೊಳ್ಳಲು ಎದ್ದವರು ನಕ್ಕು ಕುಳಿತೆವು. ಯಾಕೆಂದರೆ ಹಿಂದಿನ ವರ್ಷದ ಕಟ್ಟಿನಲ್ಲಿ ಆ ತಂಗಿಯ ಕೆಳಗೆ 'ಚೆನ್ನಾಗಿದೆ' ಎಂದು ಬರೆದು ಸಹಿ ಮಾಡಿದವರು ನಾವೇ. ಬಿಡಿಸಿ ಓದದೆ ಬರೆದವರಿಗೂ, ಗಮನಿಸಿ ಓದದೆ ತಿದ್ದಿದವರಿಗೂ ಹೆಚ್ಚಿನ ಅಂತರವಿರಲಿಲ್ಲ. ಈಚೆಗಂತೂ ಪುಸ್ತಕದ ಹೆಸರನ್ನು ಹೇಳಿದ ಮಾತ್ರಕ್ಕೆ ಐದು ಪುಟಗಳ ಸಾರಾಂಶವನ್ನು ಚೆಂದದ ಇಂಗ್ಲಿಷಿನಲ್ಲಿ ಬರೆದುಕೊಡುವ ಯಂತ್ರವು ಮೊಬೈಲಿನೊಳಕ್ಕೇ ಬಂದಿದೆ. ಅದು ನೆರಿಸ್ಸಳನ್ನು ತಂಗಿಯೆಂದು ಬರೆಯುವ ಸಂಭವ ಕಡಿಮೆ. ಆದುದರಿಂದ ಕಳವು ನಮಗೆ ಗೊತ್ತಾಗುವ ಆ ಒಂದು ದಾರಿಯೂ ಮುಚ್ಚಿಹೋಯಿತು.

ಇಂಥ ನಿಯಮವನ್ನು ಇಟ್ಟುಕೊಳ್ಳುವುದಕ್ಕಿಂತ ತೆಗೆದುಹಾಕುವುದೇ ಪ್ರಾಮಾಣಿಕವೆಂದು ನಾವು ಉಪಾಧ್ಯಾಯಿನಿಯರೆಲ್ಲರೂ ಸೇರಿ ಒಂದು ವರ್ಷ ಬಹುಮಟ್ಟಿಗೆ ತೀರ್ಮಾನಿಸಿಯೂ ಆಗಿತ್ತು. ಆ ದಿನಗಳಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮಗಳನ್ನು ಶಾಲೆಗೆ ಸೇರಿಸುವುದಕ್ಕಾಗಿ ಬಂದಳು. ಈಗ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸದಲ್ಲಿರುವವಳು. ಆಕೆಯ ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಮಾತಿನ ನಡುವೆ ರಜೆಯ ಪುಸ್ತಕದ ಸುದ್ದಿ ಬಂದು, ಅದನ್ನು ನಿಲ್ಲಿಸುವವರಿದ್ದೇವೆಂದು ನಾವು ಹೇಳಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಲ್ಲಿಸಬೇಡಿ ಟೀಚರ್" ಎಂದಳು.

ಪುಸ್ತಕವು ಅಷ್ಟು ಚೆನ್ನಾಗಿತ್ತೇ ಎಂದು ಕೇಳಿದೆವು.

"ಪುಸ್ತಕದ ಕಥೆ ನನಗೆ ಈಗ ನೆನಪಿಲ್ಲ ಟೀಚರ್. ಸಾರಾಂಶವನ್ನು ನಾನೂ ಅಕ್ಕನ ನೋಟುಬುಕ್ಕಿನಿಂದಲೇ ಬರೆದದ್ದು. ಆದರೆ ಮಧ್ಯಾಹ್ನ ಊಟವಾದ ಮೇಲೆ ಆ ಪುಸ್ತಕ ಹಿಡಿದುಕೊಂಡು ಚಾವಡಿಯಲ್ಲಿ ಕೂತರೆ ಅಮ್ಮ ಏನೂ ಹೇಳುತ್ತಿರಲಿಲ್ಲ. ಅಜ್ಜಿ ಕರೆದರೂ, 'ಅವಳಿಗೆ ಶಾಲೆಯದ್ದು ಉಂಟು, ಬಿಡಿ' ಎನ್ನುತ್ತಿದ್ದರು. ವರ್ಷವಿಡೀ ಹಾಗೆ ಕೂರಲಿಕ್ಕೆ ನನಗೆ ಬೇರೆ ಸಮಯ ಇರಲಿಲ್ಲ. ಮೊದಮೊದಲು ನಾನು ಓದಲೇ ಇಲ್ಲ. ಪುಸ್ತಕ ಮಡಿಲಲ್ಲಿಟ್ಟು ಅಂಗಳ ನೋಡುತ್ತಿದ್ದೆ. ಆಮೇಲೆ ಅಂಗಳ ನೋಡಿ ನೋಡಿ ಬೇಸರವಾಗಿ ಓದಿದೆ."

ಈ ಮಾತನ್ನು ಕೇಳಿದ ಬಳಿಕ ನಮಗೆ ಹಲವು ದಿನ ಬೇರೆ ವಿಚಾರವೇ ಬರಲಿಲ್ಲ. ಕಡ್ಡಾಯವೆಂಬ ಮಾತನ್ನು ನಾವು ಅದುವರೆಗೆ ಹುಡುಗಿಯ ಮೇಲೆ ಹೊರಿಸಿದ ಹೊರೆಯೆಂದೇ ತಿಳಿದಿದ್ದೆವು. ಅದರ ಪರವಾಗಿ ವಾದಿಸುವಾಗಲೂ, ವಿರೋಧವಾಗಿ ವಾದಿಸುವಾಗಲೂ ಹಾಗೆಯೇ. ಆ ಹೊರೆ ಆಕೆಯ ಮೇಲೆ ಬೀಳದೆ ಮನೆಯ ಮೇಲೆ ಬಿದ್ದಿತ್ತೆಂದೂ, ಅದರ ನೆರಳಿನಲ್ಲಿ ಆಕೆಗೆ ಒಂದು ಗಂಟೆ ದೊರೆತಿತ್ತೆಂದೂ ನಮಗೆ ಹೊಳೆದಿರಲಿಲ್ಲ.

ಬೇಸಗೆಯ ರಜೆ ನಮ್ಮ ಕರಾವಳಿಯಲ್ಲಿ ಹೇಗೆ ಕಳೆಯುವುದೆಂಬುದನ್ನು ವಾಚಕರಿಗೆ ನಾವು ಹೇಳಿಕೊಡಬೇಕಾದುದಿಲ್ಲ. ಎಪ್ರಿಲ್ ಎರಡನೆಯ ವಾರದಿಂದ ಮೇ ತಿಂಗಳ ಕೊನೆಯ ವರೆಗೆ ಸುಮಾರು ಏಳು ವಾರಗಳು. ಮಾವಿನ ಮಿಡಿ ಬರುವುದೂ, ಹಲಸಿನಕಾಯಿ ಬಲಿಯುವುದೂ, ಹಪ್ಪಳ ಸಂಡಿಗೆಗಳನ್ನು ಒಣಗಿಸಲಿಕ್ಕೆ ಬಿಸಿಲು ಸಿಕ್ಕುವುದೂ, ಮದುವೆ ಗೃಹಪ್ರವೇಶಗಳು ನಡೆಯುವುದೂ, ಮಳೆಗಾಲಕ್ಕೆ ಕಟ್ಟಿಗೆ ಕೂಡಿಹಾಕುವುದೂ ಈ ಏಳು ವಾರಗಳಲ್ಲಿಯೇ. ಶಾಲೆಗೆ ರಜೆ ಸಿಕ್ಕಿತೆಂದರೆ ಗಂಡುಮಗನಿಗೆ ಗದ್ದೆಯಲ್ಲಿ ಕ್ರಿಕೆಟ್ಟು, ಹೆಣ್ಣುಮಗಳಿಗೆ ಅಡಿಗೆಮನೆ. ಬೊಂಬಾಯಿಯಿಂದ ಬಂಧುಗಳು ಬಂದರೆ ಅವರ ಮಕ್ಕಳನ್ನು ಎತ್ತಿಕೊಂಡು ತಿರುಗುವವಳೂ ಇವಳೇ. ಬೀಡಿಯ ಮನೆಗಳಲ್ಲಿ ತಾಯಿಯ ಪಕ್ಕದಲ್ಲಿ ಕುಳಿತು ಎಲೆ ಕತ್ತರಿಸಿ ಕೊಡಬೇಕು. ಮಜೂರಿಯು ಸಾವಿರಕ್ಕೆ ಇಷ್ಟೆಂದು ಗೊತ್ತಿರುವುದರಿಂದ ಮಗಳ ಎರಡು ಕೈಗಳು ಬಿಡುವಾದುವೆಂಬುದು ಆ ಮನೆಗಳಲ್ಲಿ ಸಣ್ಣ ವಿಷಯವಲ್ಲ. ಬಾಯಿಂದ ಬಾರದ ಆಕ್ಷೇಪಣೆಯೆಂದು ನಾವು ಮೇಲೆ ಹೇಳಿದುದು ಇದನ್ನೇ. ಒಬ್ಬ ತಾಯಿ ಮಾತ್ರ ಧೈರ್ಯಮಾಡಿ ನಮ್ಮೆದುರಿಗೆ ಅದನ್ನು ಆಡಿದರು: "ಅವಳು ಎಲೆ ಕತ್ತರಿಸಿಕೊಟ್ಟರೆ ನನ್ನ ಕೈ ಓಡುತ್ತದೆ ಟೀಚರ್. ಅವಳು ಪುಸ್ತಕ ಹಿಡಿದರೆ ಆ ದಿನದ ಲೆಕ್ಕ ಕಡಿಮೆಯಾಗುತ್ತದೆ." ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ರಾತ್ರಿ ಊಟದ ಬಳಿಕ ಅರ್ಧ ಗಂಟೆಯನ್ನಾದರೂ ಬಿಟ್ಟುಕೊಡಬಹುದೇ ಎಂದು ಬೇಡಿಕೊಂಡೆವು. ಅವರು ಒಪ್ಪಿದರು, ಮಾತಿನಂತೆ ನಡೆದುಕೊಂಡರು.

ಸುವಾರ್ತೆಯಲ್ಲಿ ಮಾರ್ಥಳ ಮನೆಯ ಪ್ರಸಂಗವನ್ನು ಓದುವಾಗಲೆಲ್ಲ ನಮಗೆ ಈ ಅಡಿಗೆಮನೆಗಳ ನೆನಪಾಗುವುದು. ಕರ್ತನ ಪಾದದ ಬಳಿಯಲ್ಲಿ ಕುಳಿತು ಕೇಳಿದ ಮರಿಯಳನ್ನು ಸಭೆಯಲ್ಲಿ ಎಲ್ಲರೂ ಹೊಗಳುವರು. ನಮಗಾದರೋ ಮಾರ್ಥಳ ಮೇಲೆಯೂ ಕನಿಕರವುಂಟು. ಅತಿಥಿಗಳು ಮನೆಗೆ ಬಂದಿರುವಾಗ ಒಲೆಯ ಬಳಿ ಯಾರಾದರೂ ನಿಲ್ಲಲೇಬೇಕಲ್ಲ. ಆದರೆ ಆ ಮನೆಯಲ್ಲಿ ಮರಿಯಳನ್ನು ಏಳಿಸಬೇಡವೆಂದು ಹೇಳತಕ್ಕವನೊಬ್ಬನಿದ್ದನು. ನಮ್ಮ ಹುಡುಗಿಯರ ಮನೆಗಳಲ್ಲಿ ಆ ಮಾತನ್ನು ಆಡುವವರು ಹಲವು ಬಾರಿ ಯಾರೂ ಇರುವುದಿಲ್ಲ. ಶಾಲೆಯ ಚೀಟಿಯೊಂದು ಅಷ್ಟನ್ನು ಮಾಡುವುದಾದರೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನಮಗೆ ಸರಿಯೆಂದು ಕಾಣಲಿಲ್ಲ.

ಲ್ಯಾಂಬರ ಪುಸ್ತಕದ ಬಗ್ಗೆಯೂ ಇಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಅಷ್ಟು ವರ್ಷ ಅದನ್ನು ಕಲಿಸಿದರೂ ಅದರ ಮುನ್ನುಡಿಯನ್ನು ನಾವು ಮನಸ್ಸಿಟ್ಟು ಓದಿದ್ದು ಈ ಚರ್ಚೆ ನಡೆಯುತ್ತಿದ್ದಾಗಲೇ. ಪುಸ್ತಕವು ಲಂಡನಿನಲ್ಲಿ 1807ರಲ್ಲಿ ಹೊರಬಂತು. ಇಪ್ಪತ್ತು ಕಥೆಗಳಲ್ಲಿ ಹದಿನಾಲ್ಕನ್ನು ಬರೆದವಳು ಅಕ್ಕನಾದ ಮೇರಿ ಲ್ಯಾಂಬ್, ಆರನ್ನು ಬರೆದವನು ತಮ್ಮನಾದ ಚಾರ್ಲ್ಸ್; ಆದರೆ ಮೊದಲನೆಯ ಮುದ್ರಣದ ಮುಖಪುಟದ ಮೇಲೆ ಇದ್ದುದು ತಮ್ಮನ ಹೆಸರೊಂದೇ. ಆ ಮುನ್ನುಡಿಯಲ್ಲಿ, ಗಂಡುಮಕ್ಕಳಿಗೆ ತಂದೆಯ ಪುಸ್ತಕಭಂಡಾರವು ಎಳೆಯ ಪ್ರಾಯದಲ್ಲಿಯೇ ತೆರೆದಿರುತ್ತದೆಂದೂ, ಹೆಣ್ಣುಮಕ್ಕಳಿಗೆ ಹಾಗಿಲ್ಲವೆಂದೂ, ಆದುದರಿಂದಲೇ ಇದನ್ನು ಮುಖ್ಯವಾಗಿ ಹೆಣ್ಣುಮಕ್ಕಳಿಗಾಗಿ ಬರೆದುದೆಂದೂ ಕಾರಣ ಕೊಟ್ಟಿದೆ. ಕಠಿಣವಾದ ಭಾಗಗಳನ್ನು ಅಣ್ಣತಮ್ಮಂದಿರು ಅಕ್ಕತಂಗಿಯರಿಗೆ ವಿವರಿಸಿ ಹೇಳಬೇಕೆಂಬ ಬಿನ್ನಹವೂ ಇದೆ. ಇನ್ನೂರು ವರ್ಷಗಳಿಗಿಂತಲೂ ಹಿಂದೆ, ಅಷ್ಟು ದೂರದ ದೇಶದಲ್ಲಿ, ನಮ್ಮ ಆಫೀಸಿನ ಬಾಗಿಲಲ್ಲಿ ನಡೆಯುವ ಸಂಗತಿಯನ್ನೇ ಒಬ್ಬರು ಬರೆದಿಟ್ಟಿದ್ದರು. ಹುಡುಗಿಯರಿಗೆ ಬಿಡುವಾಗಲೆಂದು ಹುಟ್ಟಿದ ಪುಸ್ತಕವನ್ನು ನಾವು ಸಾರಾಂಶದ ಶಿಕ್ಷೆಯಾಗಿ ಮಾಡಿದ್ದೆವು. ಹೀಗಿದ್ದರೂ ಆ ಪುಸ್ತಕವನ್ನು ನಾವು ಈಗ ಎಂಟನೆಯ ತರಗತಿಯವರಿಗೆ ಕೊಡುವುದಿಲ್ಲ. ಅದರ ಇಂಗ್ಲಿಷು ಹಳೆಯದು, ವಾಕ್ಯಗಳು ಉದ್ದ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಎರಡನೆಯ ಪುಟದಲ್ಲಿಯೇ ಸೋತುಬಿಡುತ್ತಾಳೆ.

ಇಂಗ್ಲಿಷೇ ಯಾಕೆಂಬ ಪ್ರಶ್ನೆಗೆ ಬರೋಣ. ಕನ್ನಡದ ಮೇಲಣ ಪ್ರೀತಿಯಲ್ಲಿ ಮಿಶನ್ ಶಾಲೆಯವರು ಹಿಂದೆ ಬಿದ್ದವರೆಂದು ಯಾರೂ ಹೇಳಲಾರರು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದಿಳಿದರು; ಆ ಮಿಶನಿನ ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲನೆಯ ವೃತ್ತಪತ್ರಿಕೆಯನ್ನು ಹೊರಡಿಸಿದರು. ಕಿಟ್ಟೆಲರ ನಿಘಂಟು 1894ರಲ್ಲಿ ಅದೇ ಮಿಶನಿನ ಛಾಪಖಾನೆಯಿಂದ ಹೊರಬಂತು. ಪರಭಾಷೆಯೊಂದನ್ನು ಮನಸಾರೆ ಓದುವುದರಿಂದ ಸ್ವಭಾಷೆಗೆ ನಷ್ಟವಾಗುವುದೆಂಬ ಮಾತನ್ನು ನಾವು ನಂಬುವುದಿಲ್ಲ. ಇಂಗ್ಲಿಷು ಕವಿತೆಗಳನ್ನು ಓದಿ ಓದಿ ಅವುಗಳಿಂದ ಕನ್ನಡಕ್ಕೆ ಹೊಸ ದಾರಿಯನ್ನು ತೋರಿಸಿದ ಬಿ. ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' 1926ರಲ್ಲಿ ಪ್ರಕಟವಾದುದನ್ನು ಬಲ್ಲವರು ಹಾಗೆ ಹೇಳಲಾರರು. ಆದರೆ ನಮ್ಮ ಮುಖ್ಯ ಕಾರಣ ಇದಕ್ಕಿಂತ ಸಾಧಾರಣವಾದದ್ದು. ಪೇಟೆಯ ದೊಡ್ಡ ಮನೆಗಳ ಮಕ್ಕಳಿಗೆ ಇಂಗ್ಲಿಷು ಕಿವಿಯಿಂದ ಬರುತ್ತದೆ. ತಂದೆ ಮಾತಾಡುವರು, ನೆರೆಯವರು ಮಾತಾಡುವರು. ನಮ್ಮ ಹುಡುಗಿಯರಿಗೆ ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷು ಅವರಿಗೆ ಬರಬೇಕಾದರೆ ಕಣ್ಣಿನಿಂದಲೇ ಬರಬೇಕು. ತರಗತಿಯಲ್ಲಿ ಒಂದು ಪಾಠದ ನಾಲ್ಕು ಪುಟಗಳನ್ನು ಒಂದು ವಾರ ಅಗೆಯುತ್ತೇವೆ. ಶಬ್ದಾರ್ಥ, ಪ್ರಶ್ನೋತ್ತರ, ವ್ಯಾಕರಣ ಎಂದು ಎಲ್ಲವನ್ನೂ ಹಿಂಡಿ ತೆಗೆಯುತ್ತೇವೆ. ಅದು ಪರೀಕ್ಷೆಗೆ ಬೇಕಾದದ್ದು. ಆದರೆ ಮುಂದೇನಾಯಿತೆಂಬ ಆಸೆಯಿಂದ ನೂರು ಪುಟಗಳನ್ನು ಒಂದೇ ಸಮನೆ ಓದಿಕೊಂಡು ಹೋಗುವ ಅಭ್ಯಾಸವನ್ನು ಆ ನಾಲ್ಕು ಪುಟಗಳು ಕೊಡಲಾರವು. ಪಿ. ಯು. ಕಾಲೇಜಿಗೆ ಹೋದ ಮೊದಲ ತಿಂಗಳಲ್ಲಿಯೇ ವಿಜ್ಞಾನದ ದಪ್ಪ ಇಂಗ್ಲಿಷು ಪುಸ್ತಕವನ್ನು ಕಂಡು ಹೆದರಿ, ಒಳ್ಳೆಯ ಬುದ್ಧಿಯುಳ್ಳ ಹುಡುಗಿಯರು ಹಿಂದಕ್ಕೆ ಸರಿದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವರಿಗೆ ವಿಷಯವು ಕಠಿಣವಾಗಿರಲಿಲ್ಲ. ಪುಟಗಳ ಸಂಖ್ಯೆಯೇ ಅವರನ್ನು ಹೆದರಿಸಿತು. ಕನ್ನಡ ಪುಸ್ತಕವನ್ನು ಜೊತೆಯಲ್ಲಿ ಕೊಂಡೊಯ್ಯುವವರಿಗೆ ನಾವು ಸಂತೋಷದಿಂದ ಕೊಡುತ್ತೇವೆ, ಹಲವರು ಕೊಂಡೊಯ್ಯುವರು.

ಅಮೇರಿಕಾ ದೇಶದ ಹೈಸ್ಕೂಲುಗಳಲ್ಲಿ ರಜೆಗೆ ಮೊದಲು ಪುಸ್ತಕಗಳ ಪಟ್ಟಿಯನ್ನು ಕೈಗೆ ಕೊಟ್ಟು ಕಳುಹಿಸುವುದು ಬಹಳ ರೂಢಿಯಾದ ಪದ್ಧತಿ. ಅಲ್ಲಿಯೂ ಮಕ್ಕಳು ಗೊಣಗುವರು, ಅಲ್ಲಿಯೂ ಸಾರಾಂಶದ ಗೈಡುಗಳು ಮಾರಾಟವಾಗುವುವು. ಇದನ್ನು ತಿಳಿದು ನಮಗೆ ಸ್ವಲ್ಪ ಸಮಾಧಾನವಾಯಿತೆಂದು ಒಪ್ಪಿಕೊಳ್ಳುತ್ತೇವೆ. ಬಾಲ್ಟಿಮೋರ್ ಪಟ್ಟಣದಲ್ಲಿ 1982ರಲ್ಲಿ ಒಂದನೆಯ ತರಗತಿಗೆ ಸೇರಿದ ಮಕ್ಕಳನ್ನು ಅನೇಕ ವರ್ಷ ಹಿಂಬಾಲಿಸಿ ನೋಡಿದ ಪಂಡಿತರು, ಶಾಲೆ ನಡೆಯುವ ತಿಂಗಳುಗಳಲ್ಲಿ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಹೆಚ್ಚು ಕಡಿಮೆ ಸಮವಾಗಿ ಮುಂದುವರಿದರೆಂದೂ, ಅವರ ನಡುವಿನ ಅಂತರವು ಬೇಸಗೆಯ ರಜೆಗಳಲ್ಲಿಯೇ ಹಿಗ್ಗಿತೆಂದೂ ತಿಳಿಸಿದರು. ಅಳೆದ ಕ್ರಮ ಸರಿಯೇ ಎಂದು ಆಮೇಲೆ ಬೇರೆಯವರು ಪ್ರಶ್ನಿಸಿರುವುದೂ ಉಂಟು. ಆದುದರಿಂದ ಅದನ್ನು ವೇದವಾಕ್ಯವೆಂದು ನಾವು ಹಿಡಿಯುವುದಿಲ್ಲ. ನಮಗೆ ಹೆಚ್ಚು ಉಪಯೋಗವಾದುದು ಫ್ಲೋರಿಡಾ ಪ್ರಾಂತದಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆ. ಅಲ್ಲಿ ಬಡ ಮಕ್ಕಳಿಗೆ ಮೂರು ಬೇಸಗೆಗಳಲ್ಲಿ, ವರ್ಷಕ್ಕೆ ಹನ್ನೆರಡರಂತೆ, ಅವರು ತಾವೇ ಆರಿಸಿಕೊಂಡ ಪುಸ್ತಕಗಳನ್ನು ಸುಮ್ಮನೆ ಕೊಟ್ಟು ಕಳುಹಿಸಿದರು. ಮೂರು ವರ್ಷದ ಕೊನೆಗೆ ಅವರ ಓದು ಪುಸ್ತಕ ದೊರೆಯದ ಮಕ್ಕಳ ಓದಿಗಿಂತ ಮೇಲಾಗಿತ್ತು. ಅವು ಚಿಕ್ಕ ಮಕ್ಕಳ ಶಾಲೆಗಳು, ಇಂಗ್ಲಿಷು ಅಲ್ಲಿಯ ದೇಶಭಾಷೆ. ನಮಗೂ ಅವರಿಗೂ ಬಹಳ ವ್ಯತ್ಯಾಸವಿದೆ. ಆದರೂ 'ತಾವೇ ಆರಿಸಿಕೊಂಡ' ಎಂಬ ಆ ಎರಡು ಮಾತುಗಳನ್ನು ನಾವು ಬರೆದಿಟ್ಟುಕೊಂಡೆವು.

ಆ ಬಳಿಕ ನಮ್ಮ ನಿಯಮವನ್ನು ಬದಲಾಯಿಸಿದೆವು. ಈಗ ರಜೆಗೆ ಹದಿನೈದು ದಿನಗಳ ಮೊದಲು ಕಪಾಟಿನ ಪುಸ್ತಕಗಳನ್ನು ಹಾಲಿನ ಬೆಂಚುಗಳ ಮೇಲೆ ಹರವಿ ಇಡುವೆವು. ಹುಡುಗಿಯರು ಬಂದು, ಎತ್ತಿ, ಚಿತ್ರ ನೋಡಿ, ನಡುವಿನ ಯಾವುದಾದರೂ ಒಂದು ಪುಟವನ್ನು ಓದಿ ಆರಿಸಿಕೊಳ್ಳಬೇಕು. ಆ ಪುಟದಲ್ಲಿ ತಿಳಿಯದ ಶಬ್ದಗಳನ್ನು ಬೆರಳು ಮಡಚಿ ಎಣಿಸಬೇಕು; ಐದು ಬೆರಳುಗಳೂ ಮುಗಿದರೆ ಆ ಪುಸ್ತಕ ಈ ವರ್ಷಕ್ಕೆ ಬೇಡ. ಮನೆಯಲ್ಲಿ ಓದುವಾಗ ಒಂದೊಂದು ಶಬ್ದಕ್ಕೂ ನಿಘಂಟು ತೆಗೆಯಬಾರದೆಂದು ಕಟ್ಟಪ್ಪಣೆ. ತಿಳಿಯದ ಶಬ್ದವನ್ನು ಹಾರಿ ಮುಂದಕ್ಕೆ ಹೋಗಬೇಕು. ಅದೇ ಶಬ್ದ ಮೂರು ಬಾರಿ ಬಂದು ಬಾಗಿಲು ತಟ್ಟಿದರೆ ಮಾತ್ರ ಏಳಬೇಕು. ಮೂವತ್ತು ಪುಟಗಳನ್ನು ಓದಿಯೂ ರುಚಿಸದಿದ್ದರೆ ಬಿಟ್ಟುಬಿಡಬಹುದು, ಆದರೆ ಯಾಕೆ ಬಿಟ್ಟೆನೆಂದು ಬಂದು ಹೇಳಬೇಕು. ಸಾರಾಂಶವನ್ನು ಯಾರೂ ಬರೆಯಬೇಕಾದುದಿಲ್ಲ. ಶಾಲೆ ತೆರೆದ ಮೇಲೆ ಪ್ರತಿಯೊಬ್ಬಳೂ ತನಗೆ ಮೆಚ್ಚಿಕೆಯಾದ ಒಂದು ಪುಟವನ್ನು ಉಪಾಧ್ಯಾಯಿನಿಯ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದಿ, ಆ ಪುಟವೇ ಯಾಕೆಂದು ಹೇಳಬೇಕು. ಕನ್ನಡದಲ್ಲಿ ಹೇಳಿದರೂ ಆಗಬಹುದು. ಹತ್ತು ನಿಮಿಷ ಹಿಡಿಯುತ್ತದೆ. ಎಲ್ಲರದ್ದೂ ಮುಗಿಯುವಾಗ ಜೂನ್ ತಿಂಗಳೇ ಮುಗಿದಿರುತ್ತದೆಂದು ನಮ್ಮ ಉಪಾಧ್ಯಾಯಿನಿಯರು ದೂರುವುದು ನ್ಯಾಯವಾದ ದೂರು. ಆದರೆ ಓದದವಳು ಯಾರೆಂಬುದು ಎರಡನೆಯ ನಿಮಿಷದಲ್ಲಿ ತಿಳಿಯುವುದು, ಅದಕ್ಕೆ ಯಾವ ಯಂತ್ರವೂ ಅಡ್ಡ ಬರಲಾರದು.

ಕಡ್ಡಾಯವೆಂಬ ಮಾತು ಈಗ ಪುಸ್ತಕದ ಮೇಲಿಲ್ಲ, ಗಂಟೆಯ ಮೇಲಿದೆ. ಪುಸ್ತಕದೊಳಗೆ ಮನೆಯ ಹಿರಿಯರ ಹೆಸರಿಗೆ ಕನ್ನಡದಲ್ಲಿ ಒಂದು ಕಾಗದವನ್ನು ಇಟ್ಟು ಕಳುಹಿಸುತ್ತೇವೆ. ದಿನಕ್ಕೆ ಒಂದು ಗಂಟೆ ಈ ಹುಡುಗಿಯನ್ನು ಯಾರೂ ಕರೆಯಬಾರದು, ನೀರು ತರಲಿಕ್ಕೂ ಅಂಗಡಿಗೂ ಕಳುಹಿಸಬಾರದು, ಅಣ್ಣತಮ್ಮಂದಿರಿದ್ದರೆ ಆ ಹೊತ್ತಿನ ಕೆಲಸವನ್ನು ಅವರು ಮಾಡತಕ್ಕದ್ದು ಎಂದು ಅದರಲ್ಲಿ ಬರೆದಿದೆ. ಪುಸ್ತಕವನ್ನು ಮುಗಿಸದ ಹುಡುಗಿಗೆ ಶಿಕ್ಷೆಯಿಲ್ಲ. ಗಂಟೆಯನ್ನು ಕೊಡದ ಮನೆಯವರನ್ನು ಮಾತ್ರ ಜೂನ್ ತಿಂಗಳಲ್ಲಿ ಕರೆಸಿ ಮಾತಾಡುತ್ತೇವೆ. ಮೊದಲನೆಯ ವರ್ಷ ಈ ಕಾಗದವನ್ನು ಕಂಡು ಕೆಲವು ತಂದೆಯವರಿಗೆ ಕೋಪ ಬಂತು. ಮನೆಯೊಳಗಿನ ವಿಷಯಕ್ಕೆ ಶಾಲೆಯವರು ತಲೆಹಾಕುವುದೇಕೆಂದರು. ಮನೆಪಾಠ ಕೊಟ್ಟು ಕಳುಹಿಸುವಾಗ ನಾವು ವರ್ಷವಿಡೀ ಮನೆಯೊಳಕ್ಕೆ ತಲೆಹಾಕುತ್ತಲೇ ಇದ್ದೇವೆ, ಆಗ ಯಾರೂ ಆಕ್ಷೇಪಿಸಿದ್ದಿಲ್ಲ. ಈಚೆಗೆ ಒಬ್ಬ ತಂದೆಯವರು, ಮಗ ಕೊಡಪಾನ ಹೊರುವುದನ್ನು ಮೊದಲ ಬಾರಿಗೆ ನೋಡಿದೆನೆಂದು ನಗುತ್ತ ಹೇಳಿಹೋದರು.

ಬೆಂಚಿನ ಮೇಲಿಂದ ಯಾವ ಪುಸ್ತಕಗಳು ಮೊದಲು ಖಾಲಿಯಾಗುವುವೆಂದು ಕೇಳುವವರಿಗೆ ಎರಡು ಮಾತು. ಆರ್. ಕೆ. ನಾರಾಯಣರು 1935ರಲ್ಲಿ ಪ್ರಕಟಿಸಿದ 'ಸ್ವಾಮಿ ಅಂಡ್ ಫ್ರೆಂಡ್ಸ್' ಎಂದಿಗೂ ಉಳಿಯುವುದಿಲ್ಲ. ಹೆಲನ್ ಕೆಲ್ಲರಳ ಆತ್ಮಕಥೆಯನ್ನೂ ಆನ್ ಫ್ರಾಂಕಳ ದಿನಚರಿಯನ್ನೂ ಒಂಭತ್ತನೆಯವರು ಒಯ್ಯುವರು. ಆನಳು ದಿನಚರಿ ಬರೆಯತೊಡಗಿದಾಗ ತಮ್ಮದೇ ಪ್ರಾಯದವಳೆಂದು ತಿಳಿದು, ಆ ಪುಸ್ತಕವನ್ನು ಹಿಂದಕ್ಕೆ ಕೊಡುವಾಗ ಕೆಲವರು ಏನೂ ಮಾತಾಡದೆ ಕೊಟ್ಟುಹೋಗುವರು. ನಮ್ಮ ಸ್ವಂತ ಮೆಚ್ಚಿಕೆ 'ಹೈಡಿ'. ಯೊಹಾನ್ನಾ ಸ್ಪೀರಿ ಎಂಬ ಸ್ವಿಟ್ಜರ್ಲೆಂಡಿನ ಲೇಖಕಿ ಅದನ್ನು 1880 ಮತ್ತು 1881ರಲ್ಲಿ ಎರಡು ಭಾಗಗಳಾಗಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದಳು. ಬಾಸೆಲಿನಿಂದ ನಮ್ಮಲ್ಲಿಗೆ ಬಂದವರ ದೇಶದ ಬೆಟ್ಟಗಳು ಅದರಲ್ಲಿವೆ. ಓದು ತನಗೆ ಎಂದಿಗೂ ಬಾರದೆಂದು ನಂಬಿದ್ದ ಹೈಡಿ, ಪಟ್ಟಣದಲ್ಲಿ ಒಬ್ಬ ಅಜ್ಜಿಯ ಪ್ರೀತಿಯಿಂದ ಓದು ಕಲಿತು, ಬೆಟ್ಟಕ್ಕೆ ಹಿಂತಿರುಗಿ ಪೀಟರನ ಕುರುಡು ಅಜ್ಜಿಗೆ ಕೀರ್ತನೆಗಳನ್ನು ಓದಿ ಹೇಳುತ್ತಾಳೆ. ಇದನ್ನು ಓದಿದವರಿಗೆ ಮುಂದಿನ ವರ್ಷ ನಾವು ಸುಧಾ ಮೂರ್ತಿಯವರು ತಮ್ಮ ಅಜ್ಜಿಗೆ ಓದಲು ಕಲಿಸಿದ ಪುಸ್ತಕವನ್ನು ಕೈಗೆ ಕೊಡುವೆವು. ಆ ಅಜ್ಜಿ 'ಕರ್ಮವೀರ'ದಲ್ಲಿ ಬರುತ್ತಿದ್ದ ತ್ರಿವೇಣಿಯವರ 'ಕಾಶಿಯಾತ್ರೆ'ಯನ್ನು ಮೊಮ್ಮಗಳ ಬಾಯಿಂದ ಕೇಳುತ್ತಿದ್ದವರು. ಮೊಮ್ಮಗಳು ಮದುವೆಗೆಂದು ಊರಿಗೆ ಹೋದಾಗ ಪತ್ರಿಕೆ ಬಂದರೂ ಓದಲಾರದೆ ನೊಂದು, ಆ ಇಳಿವಯಸ್ಸಿನಲ್ಲಿ ಅಕ್ಷರ ಕಲಿತರು. ಇಂಗ್ಲಿಷಿನಲ್ಲಿ ಬರೆದ ಕನ್ನಡದ ಅಜ್ಜಿಯ ಕಥೆಯನ್ನು ಒಬ್ಬ ಹುಡುಗಿ ತನ್ನ ಮನೆಯ ಅಜ್ಜಿಗೆ ದಿನಕ್ಕೊಂದಿಷ್ಟು ತುಳುವಿನಲ್ಲಿ ಹೇಳಿದಳಂತೆ. ಎರಡನೆಯ ವಾರದಿಂದ ಆ ಮನೆಯಲ್ಲಿ ಓದಿನ ಗಂಟೆಯನ್ನು ಕಾಯುತ್ತಿದ್ದವರು ಅಜ್ಜಿಯೇ. ಹುಡುಗಿ ತಡಮಾಡಿದರೆ ಅವರೇ ಕರೆಯುತ್ತಿದ್ದರು.

ಕಷ್ಟಗಳಿಲ್ಲವೆಂದಲ್ಲ. ಪುಸ್ತಕಗಳು ಅರಸಿನದ ಕಲೆ, ಹಲಸಿನ ಮೇಣ, ಮಗುವಿನ ಹಲ್ಲಿನ ಗುರುತು ಹೊತ್ತು ಹಿಂತಿರುಗುವುವು. ಒಂದನ್ನು ಗೆದ್ದಲು ತಿಂದಿತು, ಇನ್ನೊಂದು ಬೊಂಬಾಯಿಯ ರೈಲು ಹತ್ತಿ ಹೋಯಿತು. ಇದಕ್ಕೆಲ್ಲ ದಂಡ ವಸೂಲು ಮಾಡುವುದನ್ನು ಬಿಟ್ಟಿದ್ದೇವೆ. ದಂಡಕ್ಕೆ ಹೆದರಿ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟು, ರಜೆ ಮುಗಿದ ಬಳಿಕ ಹಾಗೆಯೇ ತಂದುಕೊಟ್ಟ ಮನೆಗಳಿದ್ದವು. ಈಗ ಒಂದು ತರಗತಿಗೆ ಸಾಲುವಷ್ಟು ಒಳ್ಳೆಯ ಪುಸ್ತಕಗಳಿದ್ದರೆ ಎರಡನೆಯ ತರಗತಿಯವರಿಗೆ ಉಳಿಕೆಯೇ ಗತಿ. ಆರಿಸಿಕೊಳ್ಳಿರೆಂದು ಹೇಳಿ ಆರಿಸಲಿಕ್ಕೆ ಏನೂ ಇಡದಿರುವುದು ಹಾಸ್ಯವಲ್ಲವೇ?

ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಅರಿಕೆಯೇನೆಂದರೆ, ಶಾಲೆಗೆ ಪುಸ್ತಕದಾನ ಮಾಡುವ ಮನಸ್ಸಿದ್ದವರು ದಯವಿಟ್ಟು ಹಳೆಯ ಗೈಡುಗಳನ್ನೂ, ಬದಲಾದ ಪಾಠಪುಸ್ತಕಗಳನ್ನೂ, ಮೂರು ಸಂಪುಟಗಳಲ್ಲಿ ಮೊದಲನೆಯದಿಲ್ಲದ ವಿಶ್ವಕೋಶಗಳನ್ನೂ ಕಳುಹಿಸಬಾರದು. ನೀವು ಹದಿಮೂರು ಹದಿನಾಲ್ಕರ ಪ್ರಾಯದಲ್ಲಿ ನಿಜವಾಗಿ ಓದಿ ಮುಗಿಸಿದ, ಅಥವಾ ನಿಮ್ಮ ಮಗಳು ಓದಿ ಮುಗಿಸಿದ, ಒಂದೇ ಒಂದು ಕಥೆಪುಸ್ತಕವನ್ನು ಕಳುಹಿಸಿರಿ. ಹಾಳೆಗಳು ಮಾಸಿದ್ದರೆ ಚಿಂತೆಯಿಲ್ಲ. ನಮ್ಮ ಈಗಿನ ವಿದ್ಯಾರ್ಥಿನಿಯರು ಯಾರಾದರೂ ನಿಮ್ಮ ಊರಿನಲ್ಲಿದ್ದರೆ, ಮನೆಯಲ್ಲಿ ಸ್ಥಳವಿಲ್ಲದ ಹುಡುಗಿಗೆ ನಿಮ್ಮ ಜಗಲಿಯಲ್ಲಿ ಆ ಒಂದು ಗಂಟೆ ಕುಳಿತುಕೊಳ್ಳಲಿಕ್ಕೆ ಎಡೆಮಾಡಿಕೊಡಿರಿ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸೇರಿಸಿಕೊಳ್ಳುವ 'ಓದುವ ಬೆಳಕು' ಯೋಜನೆಯನ್ನು ಸರಕಾರದವರು 2020ರಲ್ಲಿ ಆರಂಭಿಸಿದರು. ನಿಮ್ಮ ಊರಿನ ಗ್ರಂಥಾಲಯವು ಯಾವ ಹೊತ್ತಿನಲ್ಲಿ ತೆರೆದಿರುವುದೆಂಬುದನ್ನು ವಿಚಾರಿಸಿ ನಮಗೆ ಬರೆದು ತಿಳಿಸಿದರೆ ಅದೂ ಒಂದು ದಾನವೇ.

ಮಾತಾಪಿತೃಗಳಲ್ಲಿ ಕೇಳಿಕೊಳ್ಳುವುದು ಇಷ್ಟೇ: ಪುಸ್ತಕಗಳನ್ನು ಬೆಂಚುಗಳ ಮೇಲೆ ಇಡುವ ದಿನಗಳಲ್ಲಿ ಸಂಜೆ ನಾಲ್ಕೂವರೆಯ ಬಳಿಕ ಹಾಲಿನ ಬಾಗಿಲು ನಿಮಗೂ ತೆರೆದಿರುತ್ತದೆ. ಮಗಳ ಜೊತೆಯಲ್ಲಿ ಬಂದು ನೋಡಬಹುದು. ಕಾಗದದಲ್ಲಿ ಬರೆದ ಗಂಟೆ ನಿಮ್ಮ ಮನೆಗೆ ಹೊಂದದಿದ್ದರೆ, ಯಾವ ಹೊತ್ತು ಹೊಂದುವುದೆಂದು ನೀವೇ ಹೇಳಿರಿ. ಹುಡುಗಿಯ ಎದುರಿನಲ್ಲಿಯೇ ಅದನ್ನು ತಿದ್ದಿ ಬರೆದು ಸಹಿ ಮಾಡಿಕೊಡುತ್ತೇವೆ.